ಎರಡು ಬೇಡ, ಒಂದು ಬೇಕು

ಮಂಗಳವಾರದ ದಿನಚರಿಯಲ್ಲಿ ಐಲಿ ಒಂದೇ ಸಾಲು ಬರೆದಳು: "ಅವರು ಮೂರನೇ ಸಲ ಕೇಳಲೇ ಇಲ್ಲ."

ಬರೆದು ಅದರ ಕೆಳಗೊಂದು ಗೆರೆ ಎಳೆದಳು. ಇಷ್ಟೊಂದು ಒತ್ತಿ ಹೇಳುವಂಥದ್ದೇನಿದೆ ಎನ್ನಿಸಿ ಗೆರೆಯನ್ನು ಅಳಿಸಿದಳು. ಬೇರೆ ಯಾರಾದರೂ ಓದಿದ್ದರೆ ಇದೇನೋ ಪ್ರೇಮದ ಸಂಗತಿ ಎಂದುಕೊಳ್ಳುತ್ತಿದ್ದರು. ಪ್ರೇಮವಾಗಿದ್ದರೆ ಅವಳಿಗೆ ಇಷ್ಟು ಚಿಂತೆಯಿರುತ್ತಿರಲಿಲ್ಲ. ಅವಳ ಊರಿನಲ್ಲಿ ಪ್ರೇಮಕ್ಕೆ ವರ್ಷಗಟ್ಟಲೆ ಕಾಯುತ್ತಾರೆ. ಇದಕ್ಕೆ ಉಳಿದಿದ್ದದ್ದು ಶುಕ್ರವಾರ ಸಂಜೆ ನಾಲ್ಕರ ತನಕ.

ಐಲಿಯ ಊರು ಉತ್ತರ ಮಿನೆಸೋಟಾದ ಕಬ್ಬಿಣದ ಗಣಿಗಳ ಸೀಮೆಯಲ್ಲಿತ್ತು. ಫಿನ್‌ಲ್ಯಾಂಡಿನಿಂದ ಬಂದು ನೆಲ ಅಗೆದವರ ಮೊಮ್ಮಕ್ಕಳು ಮರಿಮಕ್ಕಳೇ ಅಲ್ಲಿ ಹೆಚ್ಚು. ಆ ಊರಿನಲ್ಲಿ ಮೊದಲ ಸಲ ಕೇಳಿದಾಗಲೇ ಹೂಂ ಎನ್ನುವವರನ್ನು ಹಸಿದು ಬಂದವರೆನ್ನುತ್ತಾರೆ. ಎರಡನೇ ಸಲಕ್ಕೆ ಹೂಂ ಎಂದರೆ ತಾಯಿ ಸರಿಯಾಗಿ ಬೆಳೆಸಿಲ್ಲ ಎನ್ನುತ್ತಾರೆ. ಕಾಫಿ ಕೊಡಲೇ ಎಂದರೆ ಬೇಡ ಎನ್ನಬೇಕು. ಸ್ವಲ್ಪವಾದರೂ ಎಂದರೆ ಸುಮ್ಮನೆ ಯಾಕೆ ತೊಂದರೆ ಎನ್ನಬೇಕು. ಮಾಡಿದ್ದಾಗಿದೆ, ಇಲ್ಲದಿದ್ದರೆ ಚೆಲ್ಲಬೇಕಾಗುತ್ತದೆ ಎಂದ ಮೇಲಷ್ಟೇ, ಚೆಲ್ಲುವ ಪಾಪ ತಪ್ಪಿಸಲೆಂದು, ಅರ್ಧ ಲೋಟ ಎನ್ನಬೇಕು. ಅರ್ಧ ಲೋಟ ಎಂದವರು ಮೂರು ಲೋಟ ಕುಡಿದು, ಎರಡು ತುಂಡು ಕೇಕು ತಿಂದು ಏಳುತ್ತಾರೆ. ಟೆಕ್ಸಸ್ಸಿನಿಂದ ಬಂದ ಹೊಸ ಪಾದ್ರಿಯೊಬ್ಬರು ಮನೆ ಮನೆಗೆ ಹೋಗಿ ಚರ್ಚಿನಲ್ಲಿ ಹಾಡಲು ಬನ್ನಿ ಎಂದು ಒಂದೊಂದೇ ಸಲ ಕರೆದರು. ಎಲ್ಲರೂ ಬೇಡವೆಂದರು. ಊರಿನವರಿಗೆ ನಾನು ಹಿಡಿಸಿಲ್ಲ ಎಂದು ಪಾದ್ರಿಗಳು ಕೊರಗಿದರು. ಎಂಥ ಗರ್ವದ ಪಾದ್ರಿ, ಮತ್ತೆ ಬಂದು ಒಂದು ಮಾತು ಕೇಳಲಿಲ್ಲ ಎಂದು ಊರಿನವರು ಕೊರಗಿದರು. ಆ ವರ್ಷ ಕ್ರಿಸ್‌ಮಸ್ಸಿಗೆ ಪಾದ್ರಿಗಳು ಒಬ್ಬರೇ ಹಾಡಿದರು.

ಐಲಿಯ ಅಜ್ಜ ಆರ್ವೊ, ಅಜ್ಜಿ ಲೆಂಪಿಯನ್ನು ಮದುವೆಯಾಗುತ್ತೀಯಾ ಎಂದು ಮೊದಲ ಸಲ ಕೇಳಿದ್ದು ಒಂದು ನೃತ್ಯಕೂಟದಲ್ಲಿ. ಆಕೆ ಬೇಡವೆಂದಳು. ಮರುವರ್ಷ ನಡುಬೇಸಿಗೆಯ ಬೆಂಕಿಯ ಮುಂದೆ ಕೇಳಿದ. ಈಗಲೇ ಯಾಕೆ ಎಂದಳು. ಅಷ್ಟರಲ್ಲಿ ಅವನನ್ನು ಸೈನ್ಯಕ್ಕೆ ಕರೆದರು. ಎರಡು ವರ್ಷ ಕಳೆದು ಬಂದವನು ರೈಲ್ವೆ ನಿಲ್ದಾಣದಿಂದ ನೇರ ಅವಳ ಮನೆಗೆ ನಡೆದು ಮೂರನೇ ಸಲ ಕೇಳಿದ. ಆಕೆ ಒಳಗೆ ಹೋಗಿ, ಅವನ ಅಳತೆಗೆ ಹೆಣೆದಿಟ್ಟಿದ್ದ ನಾಲ್ಕು ಜೊತೆ ಕೈಗವಸು ತಂದು ಮುಂದಿಟ್ಟಳು. ಆ ಮನೆಯಲ್ಲಿ ಬೆಳೆದ ಹುಡುಗಿ ಐಲಿ.

ಅವಳು ಓದುತ್ತಿದ್ದ ಕಾಲೇಜು ಊರಿನಿಂದ ಮೂರು ಗಂಟೆ ದಕ್ಷಿಣಕ್ಕೆ. ಊರಿಗೆಲ್ಲ ಅವಳು 'ಡಾಕ್ಟರ್ ಓದ್ತಿರೋ ಹುಡುಗಿ'. ನಿಜಕ್ಕೂ ಆ ಕಾಲೇಜಿನಲ್ಲಿ ಡಾಕ್ಟರ್ ಎಂಬ ಓದೇ ಇರಲಿಲ್ಲ. ನಾಲ್ಕು ವರ್ಷ ಯಾವುದಾದರೊಂದನ್ನು ಮೇಜರ್ ಎಂದು ಮುಖ್ಯವಾಗಿ ಓದಬೇಕು, ಬೇಕಿದ್ದರೆ ಮತ್ತೊಂದನ್ನು ಮೈನರ್ ಎಂದು ಪಕ್ಕಕ್ಕಿಟ್ಟುಕೊಳ್ಳಬೇಕು, ಆಮೇಲೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಬೇಕು. ಎರಡನೇ ವರ್ಷದ ವಸಂತದಲ್ಲಿ ಪ್ರತಿಯೊಬ್ಬರೂ ತಮ್ಮ ಮೇಜರನ್ನು 'ಘೋಷಿಸಬೇಕು'. ಇಂಥ ಮಾತನ್ನು ಯುದ್ಧಕ್ಕೆ ಬಳಸುತ್ತಾರೆಂದು ಐಲಿ ಕೇಳಿದ್ದಳು. ಅವಳು ಹುಟ್ಟಿದಾರಭ್ಯ ಏನನ್ನೂ ಘೋಷಿಸಿದವಳಲ್ಲ. ಬಸ್ಸಿನಲ್ಲಿ ತನ್ನ ನಿಲ್ದಾಣ ಬಂದರೂ ಬೇರೆ ಯಾರಾದರೂ ಇಳಿಯುತ್ತಾರೇನೋ ಎಂದು ನೋಡುತ್ತಿದ್ದಳು.

ಅವಳ ಕೋಣೆಯ ಜೊತೆಗಾತಿ ಜೋಸ್ಲಿನ್ ಶಿಕಾಗೋದವಳು. ಅವಳಿಗೂ ಡಾಕ್ಟರಾಗಬೇಕಿತ್ತು. ಗೋಡೆಗೊಂದು ದೊಡ್ಡ ಹಾಳೆ ಅಂಟಿಸಿ, ಎಡಕ್ಕೆ ಮೇಜರುಗಳು, ಬಲಕ್ಕೆ ಮೈನರುಗಳು ಎಂದು ಬರೆದು, ಗಂಡುಹೆಣ್ಣಿನ ಜಾತಕ ಕೂಡಿಸುವವರಂತೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದಳು. ಆ ತಿಂಗಳಲ್ಲೇ ಮೈನರನ್ನು ನಾಲ್ಕು ಸಲ ಬದಲಾಯಿಸಿದ್ದಳು: ಪೋರ್ಚುಗೀಸು, ಮಧ್ಯಯುಗದ ಚರಿತ್ರೆ, ಮತ್ತೆ ಪೋರ್ಚುಗೀಸು, ಈಗ ಗೊಂಬೆಯಾಟ.

"ಬಯಾಲಜಿ ಇಟ್ಕೊಂಡು ಅರ್ಜಿ ಹಾಕೋರು ಇರುವೆ ಸಾಲಿದ್ದ ಹಾಗೆ ಕಣೇ," ಎಂದು ಅವಳು ಐಲಿಗೆ ಬುದ್ಧಿ ಹೇಳಿದ್ದಳು. "ಅಷ್ಟು ಇರುವೆಗಳಲ್ಲಿ ನಿನ್ನ ಗುರುತು ಹೇಗೆ ಹಿಡೀಬೇಕು ಅವರು? ತಲೆ ಮೇಲೊಂದು ಟೋಪಿ ಇರ್ಬೇಕು. ಮೈನರ್ ಅಂದ್ರೆ ಆ ಟೋಪಿ."

ಟೋಪಿಯ ಜೊತೆಗೆ ಒಂದು ಕಣ್ಣೀರಿನ ಕಥೆಯೂ ಬೇಕಂತೆ, ನಾನು ಯಾಕೆ ಡಾಕ್ಟರಾಗಬೇಕು ಎಂದು. ಜೋಸ್ಲಿನ್ನಳ ಬಳಿ ಮೂರಿದ್ದವು; ಒಂದರಲ್ಲಿ ನಾಯಿ ಸಾಯುತ್ತಿತ್ತು. ನಿನ್ನದು ಯಾವುದು ಎಂದು ಅವಳು ಕೇಳಿದಾಗ ಐಲಿ, ನಂದೇನೂ ಇಲ್ಲ ಬಿಡು, ಎಂದಳು. ಇತ್ತು. ಹಳೆಯ ದಿನಚರಿಯೊಂದರಲ್ಲಿ ನಾಲ್ಕು ಪುಟ ಇತ್ತು.

ಐಲಿಗೆ ಕಲ್ಲೆಂದರೆ ಇಷ್ಟ. ಕಲ್ಲು ತಾನಾಗಿ ಮಾತಾಡುವುದಿಲ್ಲ. ಕೂತು ಕೇಳುವವರಿಗೆ ಮಾತ್ರ ತನ್ನ ಕೋಟಿ ವರ್ಷದ ಕಥೆ ಹೇಳುತ್ತದೆ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ದೊಡ್ಡ ಸರೋವರದ ದಂಡೆಗೆ ಹೋಗಿ ಕೆಂಪು ಪಟ್ಟೆಯ ಹರಳುಗಲ್ಲು ಆಯುತ್ತಿದ್ದಳು. ಅಜ್ಜ ಒಂದೊಂದನ್ನೂ ನೆಕ್ಕಿ ಹೊಳಪು ನೋಡಿ ಅವಳ ಜೇಬಿಗೆ ಹಾಕುತ್ತಿದ್ದ. ಆಮೇಲಾಮೇಲೆ ದಂಡೆಯಲ್ಲಿ ಹತ್ತು ಹೆಜ್ಜೆ ನಡೆದರೆ ನಿಲ್ಲತೊಡಗಿದ. ಅವಳಿಗೆ ಹದಿನಾಲ್ಕಾಗಿದ್ದಾಗ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವಳೇ. ಪಟ್ಟಣದಿಂದ ಹೊಸದಾಗಿ ಬಂದಿದ್ದ ಡಾಕ್ಟರು, ಒಳ್ಳೆಯ ಮನುಷ್ಯ, ಉಸಿರಾಡಲು ಕಷ್ಟವೇ ಎಂದು ಕೇಳಿದರು. ಇದಕ್ಕಿಂತ ಕೆಟ್ಟದಾಗಿರಬಹುದಿತ್ತು, ಎಂದ ಅಜ್ಜ. ಬೇರೆ ಏನಾದರೂ ತೊಂದರೆ? ಹೇಳಿಕೊಳ್ಳುವಂಥದ್ದೇನಿಲ್ಲ. ಡಾಕ್ಟರು ತೊಂದರೆಯಿಲ್ಲ ಎಂದು ಬರೆದುಕೊಂಡು ಎದ್ದರು. ಮೂರನೇ ಸಲ ಕೇಳಲಿಲ್ಲ. ಮೂವತ್ತೊಂದು ವರ್ಷ ಯಾವ ಕಲ್ಲು ಒಡೆದೆ, ಯಾವ ಧೂಳು ಕುಡಿದೆ ಎಂದೂ ಕೇಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಐಲಿಯ ಬಾಯಿತನಕ ಮಾತು ಬಂದಿತ್ತು. ಅವಳೂ ಕಲ್ಲಿನ ಹಾಗೆ ಕೂತಿದ್ದಳು. ಮುಂದಿನ ಚಳಿಗಾಲಕ್ಕೆ ಅಜ್ಜ ಇರಲಿಲ್ಲ.

ಆ ನಾಲ್ಕು ಪುಟ ಇದೇ. ಅದರಲ್ಲಿ ಟೋಪಿಯಾಗುವಂಥದ್ದೇನೂ ಇಲ್ಲವೆಂದು ಐಲಿ ತಿಳಿದಿದ್ದಳು.

ಮಂಗಳವಾರ ನಡೆದದ್ದು ಇಷ್ಟು. ಅವಳ ಮಾರ್ಗದರ್ಶಕಿ ಪ್ರೊಫೆಸರ್ ಪೆಟ್ರೂಚಿ ನ್ಯೂಜೆರ್ಸಿಯವರು, ಮಾತಿನಲ್ಲೂ ನಡಿಗೆಯಲ್ಲೂ ಬಿರುಸು. ಐಲಿಯ ಅಂಕಗಳನ್ನು ನೋಡಿ, "ಈ ಪಟ್ಟೀಲಿ ಜಿಯಾಲಜಿ ಒಂದೇ ನಗ್ತಾ ಇದೆಯಲ್ಲ, ಅದನ್ನೇ ಮೇಜರ್ ಮಾಡ್ಕೋತೀಯಾ?" ಎಂದರು.

ಐಲಿಗೆ ಬೇಕಿದ್ದದ್ದೇ ಅದು. ಬಾಯಿ ಮಾತ್ರ, "ಅಯ್ಯೋ, ಅದೆಲ್ಲ ಯಾಕೆ ಮೇಡಂ," ಎಂದಿತು.

ಮೆಡಿಕಲ್ ಕಾಲೇಜಿನವರಿಗೆ ಮೇಜರ್ ಯಾವುದಾದರೂ ಆದೀತು, ಅವರು ಕೇಳುವ ರಸಾಯನ, ಭೌತ, ಜೀವಶಾಸ್ತ್ರದ ಕೋರ್ಸುಗಳನ್ನು ಮುಗಿಸಿದ್ದರೆ ಸಾಕು ಎಂದು ಪ್ರೊಫೆಸರು ವಿವರಿಸಿದರು. ಬೇಸಿಗೆಯಲ್ಲಿ ಮೊಂಟಾನಾದ ಬೆಟ್ಟಗಳಲ್ಲಿ ಆರು ವಾರದ ಶಿಬಿರವಿದೆ, ಜಿಯಾಲಜಿ ಮೇಜರಿನವರಿಗೆ ಮಾತ್ರ, ಒಂದೇ ಜಾಗ ಉಳಿದಿದೆ, ಶುಕ್ರವಾರ ನಾಲ್ಕಕ್ಕೆ ಪಟ್ಟಿ ಮುಚ್ಚುತ್ತಾರೆ ಎಂದೂ ಹೇಳಿದರು. "ಖಂಡಿತಾ ಬೇಡ್ವಾ?"

"ಯಾವುದಾದ್ರೂ ಪರವಾಗಿಲ್ಲ ಮೇಡಂ."

ಇಷ್ಟು ಹೇಳಿ ಐಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಮೂರನೆಯದಕ್ಕೆ ಉತ್ತರವನ್ನೂ ಜೋಡಿಸಿಕೊಂಡಿದ್ದಳು: ನೀವು ಇಷ್ಟು ಹೇಳಿದ ಮೇಲೆ, ಆಗಲಿ. ಪ್ರೊಫೆಸರು ಪೆನ್ನಿನ ಮುಚ್ಚಳ ತೆಗೆದು, "ಸರಿ, ಬಯಾಲಜಿ ಮೇಜರ್, ಜಿಯಾಲಜಿ ಮೈನರ್. ಶುಕ್ರವಾರ ಮೂರೂವರೆಗೆ ಬಂದು ಸಹಿ ಹಾಕು," ಎಂದು ಮುಂದಿನ ಹುಡುಗನನ್ನು ಕರೆದರು. ನ್ಯೂಜೆರ್ಸಿಯಲ್ಲಿ ಒಂದು ಸಲ ಬೇಡವೆಂದರೆ ಬೇಡ. ಎರಡು ಸಲ ಬೇಡವೆಂದರೆ, ತಲೆ ತಿನ್ನಬೇಡ ಎಂದರ್ಥ.

ಬುಧವಾರ ಬೆಳಿಗ್ಗೆ ಪ್ರೊಫೆಸರರಿಂದ ಮಿಂಚಂಚೆ ಬಂತು: 'ಐಲಿ, ಇನ್ನೊಂದು ವಿಷಯ.' ಅದನ್ನು ತೆರೆಯುವ ಮುಂಚೆ ಐಲಿ ತಲೆ ಬಾಚಿಕೊಂಡಳು. 'ನಿನ್ನ ಒಂದು ಕೈಗವಸು ನನ್ನ ಕೋಣೆಯಲ್ಲಿದೆ. ಶುಕ್ರವಾರ ತಗೊಂಡು ಹೋಗು.'

ನೀನೇ ಹೋಗಿ ಹೇಳಬಾರದೇನೇ ಎಂದು ಜೋಸ್ಲಿನ್ ಬೈದಳು. ಎರಡು ಸಲ ಬೇಡವೆಂದು ಈಗ ತಾನಾಗಿ ಹೋಗಿ ಬೇಕೆನ್ನುವುದೇ? ಐಲಿಯ ಊರಿನಲ್ಲಿ ಅಂಥವರ ಬಗ್ಗೆ ಮೊಮ್ಮಕ್ಕಳ ಕಾಲದ ತನಕ ಮಾತಾಡುತ್ತಾರೆ.

ಅಂದು ಸಂಜೆ ಅಜ್ಜಿಗೆ ಫೋನು ಮಾಡಿದಳು. ಅಜ್ಜಿಯನ್ನು ಅವಳು ತಮ್ಮವರ ರೂಢಿಯಂತೆ ಮುಮ್ಮೊ ಎನ್ನುತ್ತಿದ್ದಳು. ಹಿಮ ಕರಗಿತೇ, ಪಕ್ಕದ ಮನೆಯವರ ಬೆಕ್ಕು ಸಿಕ್ಕಿತೇ ಎಂಬುದೆಲ್ಲ ಆದ ಮೇಲೆ, ಶುಕ್ರವಾರ ಮೂರೂವರೆಗೆ ಪ್ರೊಫೆಸರ್ ಪೆಟ್ರೂಚಿಯವರ ಕೋಣೆಯಲ್ಲಿ ಸಹಿ ಹಾಕಬೇಕು, ಕಾಲೇಜಿನಲ್ಲಿ ಮೇಜರ್ ಬಯಾಲಜಿ ಎಂದು ಬರೆದುಕೊಂಡರು, ಜಿಯಾಲಜಿಯಲ್ಲಿ ಮೈನರ್, ಎಂದಳು.

ಅವರ ಫೋನಿನಲ್ಲಿ ಮೌನ ಮಾಮೂಲು. ಆದರೆ ಈ ಸಲ ಅಡುಗೆಮನೆಯ ಗಡಿಯಾರದ ಸದ್ದೂ ಕೇಳಿತು.

"ಮೈನರ್," ಎಂದಳು ಮುಮ್ಮೊ.

"ಹೂಂ."

"ಹೆಣ್ಮಕ್ಕಳನ್ನೂ ತಗೋತಾರಾ?"

"ಯಾರು ಬೇಕಾದ್ರೂ ಸೇರಬಹುದು ಮುಮ್ಮೊ."

"ಮತ್ತೆ ಡಾಕ್ಟರ್ ಓದು?"

"ಅದರ ಜೊತೆಗೇ. ಅರ್ಜಿಗೆ ಒಳ್ಳೇದಂತೆ, ಎದ್ದು ಕಾಣತ್ತಂತೆ."

"ಅದೊಂಥರಾ ಬೇರೆನೇ," ಎಂದಳು ಮುಮ್ಮೊ.

'ಬೇರೆ' ಎಂಬುದು ಆ ಊರಿನ ಅತ್ಯಂತ ಕಠಿಣವಾದ ಬೈಗುಳ. ಎದುರು ಮನೆಯವರು ಗೋಡೆಗೆ ನೇರಳೆ ಬಣ್ಣ ಬಳಿದಾಗ ಮುಮ್ಮೊ ಹಾಗೆಂದಿದ್ದಳು. ಅದಕ್ಕೆ ಮುಂಚೆ ಅಂದದ್ದು ಐಲಿಗೆ ನೆನಪಿಲ್ಲ. ಕಲ್ಲು ಓದುವುದು ಅಜ್ಜಿಗೆ ಇಷ್ಟವಿಲ್ಲವೆಂದು ಅವಳು ಅಂದುಕೊಂಡಳು. ಅವಳಿಗೆ ಹೊಳೆಯದೇ ಹೋದದ್ದು ಬೇರೆ. ಇಂಗ್ಲಿಷಿನಲ್ಲಿ ಗಣಿಗೆ ಇಳಿಯುವವನಿಗೂ ಮೈನರ್ ಎಂದೇ ಹೆಸರು, ಮತ್ತು ಅವಳ ಊರಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೇ ಇರಲಿಲ್ಲ.

ಶುಕ್ರವಾರ ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಐಲಿ ಪ್ರೊಫೆಸರರ ಕೋಣೆಯ ಮುಂದೆ ಹೋದಾಗ ಹೊರಗಿನ ಬೆಂಚಿನ ಮೇಲೆ ಮುಮ್ಮೊ ಕೂತಿದ್ದಳು. ಚರ್ಚಿನ ಕೋಟು, ಮಂಡಿಯ ಮೇಲೆ ಏಲಕ್ಕಿ ಬ್ರೆಡ್ಡಿನ ಡಬ್ಬಿ, ಪಕ್ಕದಲ್ಲಿ ಟವೆಲಿನಲ್ಲಿ ಸುತ್ತಿದ ಕುಂಬಳಕಾಯಿ ಗಾತ್ರದ ಗಂಟು.

"ಹೀಗೇ ಈ ಕಡೆ ಬಂದಿದ್ದೆ," ಎಂದಳು ಮುಮ್ಮೊ.

ಮೂರು ಗಂಟೆಯ ದಾರಿಯನ್ನು ಅವಳು ಐದು ಗಂಟೆಯಲ್ಲಿ ಬಂದಿದ್ದಳು. ಹೆದ್ದಾರಿಯಲ್ಲಿ ಜನ ತನ್ನ ಹಿಂದೆ ಬಹಳ ಸೌಜನ್ಯದಿಂದ ಹಾರ್ನು ಬಾರಿಸಿದರಂತೆ. ಐಲಿ ಏನಾದರೂ ಕೇಳುವಷ್ಟರಲ್ಲಿ ಬಾಗಿಲು ತೆರೆದ ಪ್ರೊಫೆಸರು, ಇವರು ಯಾರೆಂದು ತಿಳಿದು, ಇಬ್ಬರನ್ನೂ ಒಳಗೆ ಕೂರಿಸಿ, ಕಿಟಕಿಯ ಪಕ್ಕದ ಕಾಫಿ ಪಾತ್ರೆ ಎತ್ತಿಕೊಂಡರು.

"ಕಾಫಿ ಕುಡೀತೀರಾ?"

"ಅಯ್ಯೋ, ಬೇಡ," ಎಂದಳು ಮುಮ್ಮೊ.

"ಖಂಡಿತಾ?"

"ನನ್ನಿಂದ ಸುಮ್ನೆ ಯಾಕೆ ತೊಂದರೆ."

"ಸರಿ," ಎಂದ ಪ್ರೊಫೆಸರು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಪಾತ್ರೆಯನ್ನು ಇದ್ದಲ್ಲೇ ಇಟ್ಟು ಕೂತರು.

ಇನ್ನೊಂದು ಮೆಟ್ಟಿಲಿದೆಯೆಂದು ಕಾಲು ಚಾಚಿ ಗಾಳಿಯನ್ನು ತುಳಿದವರ ಮುಖವಾಯಿತು ಮುಮ್ಮೊನದು. ಕಾಲೇಜಿನಲ್ಲಿ ಹೇಗೂ ಕೊಡುತ್ತಾರೆಂದು ನಂಬಿ ದಾರಿಯಲ್ಲಿ ಎಲ್ಲೂ ಕಾಫಿ ಕುಡಿಯದೆ ಬಂದಿದ್ದಳು. ಕಣ್ಣು ಪಾತ್ರೆಯ ಜೊತೆಗೇ ಕಿಟಕಿಯ ತನಕ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಒಂಟಿಯಾಗಿ ಹಿಂತಿರುಗಿತು. ಆಮೇಲೆ ಅವಳು ಬಂದ ಕೆಲಸಕ್ಕೆ ತೊಡಗಿದಳು.

"ಈ ಮೈನರ್ ಅನ್ನೋದು... ಅಪಾಯ ಏನಿಲ್ವಾ ಮೇಡಂ?"

"ಏನೇನೂ ಇಲ್ಲ. ಐದೇ ಕೋರ್ಸು. ಅರ್ಧ ಕಾಲೇಜೇ ಮಾಡತ್ತೆ."

ಮುಮ್ಮೊ ಕಿಟಕಿಯಾಚೆ ನೋಡಿದಳು. ಹುಲ್ಲಿನ ಮೇಲೆ ಹುಡುಗರು ಪ್ಲಾಸ್ಟಿಕ್ ತಟ್ಟೆ ಎಸೆದು ಆಡುತ್ತಿದ್ದರು. ಅವರಲ್ಲಿ ಒಬ್ಬನೂ ಒಂದು ಪಾಳಿ ತಾಳುವ ಹಾಗೆ ಕಾಣಲಿಲ್ಲ.

"ನಮ್ಮನೆಯವರು ಮೂವತ್ತೊಂದು ವರ್ಷ ಮೈನರ್ ಆಗಿದ್ರು," ಎಂದಳು.

ಪ್ರೊಫೆಸರರ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವರ ಕೈಕೆಳಗೆ ಓದಿದವರಲ್ಲಿ ಅತಿ ನಿಧಾನಿ ಏಳು ವರ್ಷ ತೆಗೆದುಕೊಂಡಿದ್ದ. "ಮೂವತ್ತೊಂದು ವರ್ಷ," ಎಂದರು ಮೆಲ್ಲಗೆ. "ಮೇಜರ್ ಆಗ್ಲೇ ಇಲ್ವಾ?"

"ಮಿಲಿಟರೀಲಿದ್ದದ್ದೇ ಎರಡು ವರ್ಷ. ಅಷ್ಟರಲ್ಲಿ ಯಾರು ಮೇಜರ್ ಮಾಡ್ತಾರೆ?"

ಐಲಿಗೆ ಈಗ ಎಲ್ಲ ಹೊಳೆಯಿತು. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಮುಮ್ಮೊ ಟವೆಲು ಬಿಚ್ಚಿ, ಅಲ್ಲಲ್ಲಿ ನಗ್ಗಿದ ಹಳದಿ ಹೆಲ್ಮೆಟ್ಟೊಂದನ್ನು ಪ್ರೊಫೆಸರರ ಕಾಗದಗಳ ಮೇಲೆ ಇಟ್ಟಳು. ಮುಂಭಾಗದಲ್ಲಿ ಆರ್ವೊ ಎಂದು ಮಸಿಯಲ್ಲಿ ಬರೆದದ್ದು ಅರ್ಧ ಅಳಿಸಿತ್ತು.

"ಬೇಡ ಅನ್ನೋಕೆ ಬಂದಿಲ್ಲ ನಾನು," ಎಂದಳು. "ಹೋಗೋದೇ ಆದ್ರೆ ತಲೆಯಾದ್ರೂ ಉಳೀಲಿ ಅಂತ ತಂದೆ. ಎದೆ ಒಳಗಡೆಗೆ ಹಾಕ್ಕೊಳ್ಳೋಕೆ ಏನೂ ಇರಲಿಲ್ಲ ಅವರ ಹತ್ರ."

ಪ್ರೊಫೆಸರು ಹೆಲ್ಮೆಟ್ಟನ್ನು ನೋಡಿದರು, ಮುಮ್ಮೊನನ್ನು ನೋಡಿದರು, ಮೈನರ್ ಎಂದು ತಮ್ಮಷ್ಟಕ್ಕೆ ಎರಡು ಸಲ ಹೇಳಿಕೊಂಡರು. ನಗು ಉಕ್ಕಿ ಬಂತು; ಎದೆಯ ಮಾತು ನೆನಪಾಗಿ ಅದನ್ನು ನುಂಗಿದರು. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಇಲ್ಲಿ ಮೈನರ್ ಅಂದರೆ ಪಕ್ಕದ ಓದು, ಗಣಿಯಲ್ಲ, ಯಾರೂ ಎಲ್ಲಿಗೂ ಇಳಿಯುವುದಿಲ್ಲ, ಪುಸ್ತಕ ಮಾತ್ರ, ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಅವರು ಏನನ್ನಾದರೂ ನಿಧಾನವಾಗಿ ಹೇಳಿದ್ದನ್ನು ಐಲಿ ನೋಡಿದ್ದು ಅದೇ ಮೊದಲು.

"ಓ," ಎಂದಳು ಮುಮ್ಮೊ. ಹೆಲ್ಮೆಟ್ಟಿನ ಕಡೆ ನೋಡಿ, "ಹಾಗಾದ್ರೆ ಟೋಪಿ ಬೇಕಾಗಲ್ಲ."

ಗಡಿಯಾರ ನಾಲ್ಕಕ್ಕೆ ಹನ್ನೆರಡು ನಿಮಿಷ ತೋರಿಸುತ್ತಿತ್ತು. ಪ್ರೊಫೆಸರು ಹೆಲ್ಮೆಟ್ಟಿನ ಅಡಿಯಿಂದ ಒಂದು ಕಾಗದ ಎಳೆದು, ಐಲಿಯ ಮುಂದೆ ಇಟ್ಟು, ಕೊನೆಯ ಗೆರೆಯನ್ನು ಬೆರಳಿನಿಂದ ತೋರಿಸಿದರು. ಬಯಾಲಜಿ, ಮೇಜರ್. ಜಿಯಾಲಜಿ, ಮೈನರ್. ಪಕ್ಕದಲ್ಲಿ ಪೆನ್ನು. ಯಾರೂ ಏನೂ ಕೇಳಲಿಲ್ಲ.

ಐಲಿ ಪೆನ್ನು ತೆಗೆದುಕೊಂಡಳು. ಪಕ್ಕದಲ್ಲಿ ಮುಮ್ಮೊ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಮತ್ತೆ ಕಿಟಕಿಯ ಕಡೆ, ಪಾತ್ರೆಯ ಕಡೆ ನೋಡಿ, ಯಾರೂ ಕಾಣದ ಹಾಗೆ ದೃಷ್ಟಿ ತಿರುಗಿಸಿದಳು. ಇನ್ನು ಐದು ಗಂಟೆ ಹಾಗೇ ಬಾಯಾರಿ ಕಾರು ಓಡಿಸಿಕೊಂಡು ಹೋಗುತ್ತಾಳೆ. ನಾಳೆ ಪಕ್ಕದ ಮನೆಯವರು ಕೇಳಿದರೆ, ತುಂಬಾ ಚೆನ್ನಾಗಿ ನೋಡಿಕೊಂಡರು, ಏನೂ ತೊಂದರೆಯಾಗಲಿಲ್ಲ ಎನ್ನುತ್ತಾಳೆ. ಏನೂ ತೊಂದರೆಯಿಲ್ಲ. ಆಸ್ಪತ್ರೆಯ ಆ ಕುರ್ಚಿ ಇದಕ್ಕಿಂತ ಸ್ವಲ್ಪ ಎತ್ತರವಿತ್ತು. ಅಜ್ಜ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅವಳ ಹಿಮ್ಮಡಿ ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

"ಮುಮ್ಮೊಗೆ ಕಾಫಿ ಬೇಕು," ಎಂದಳು ಐಲಿ.

"ಐಲಿ," ಎಂದಳು ಮುಮ್ಮೊ. ಅವಳ ಕಿವಿ ಕೆಂಪಾಯಿತು.

"ಬೇಡ ಅಂದ್ರಲ್ಲ?" ಎಂದರು ಪ್ರೊಫೆಸರು.

"ಎರಡೇ ಸಲ ಅಂದಿದ್ದು ಮೇಡಂ."

ಪ್ರೊಫೆಸರು ಅವಳನ್ನೇ ನೋಡಿದರು. ಆಮೇಲೆ ಎದ್ದು ಹೋಗಿ, ಏನನ್ನೂ ಕೇಳದೆ, ಒಂದು ಲೋಟ ತೊಳೆದು ತಂದು ಬಗ್ಗಿಸತೊಡಗಿದರು. ಅರ್ಧ ಸಾಕು, ಅರ್ಧ ಸಾಕು, ಎನ್ನುತ್ತಾ ಮುಮ್ಮೊ ಲೋಟ ಅಂಚಿನ ತನಕ ತುಂಬುವವರೆಗೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಮೊದಲ ಗುಟುಕಿಗೆ ಕಣ್ಣು ಮುಚ್ಚಿದಳು.

ಪ್ರೊಫೆಸರು ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಐಲಿಯ ಕಡೆ ತಿರುಗಿದರು. "ತಡಿ," ಎಂದರು. "ಮಂಗಳವಾರ ನೀನು ಎಷ್ಟು ಸಲ..."

ಕೊನೆಗೂ ಬರುತ್ತಿತ್ತು, ಮೂರು ದಿನ ಕಾದ ಪ್ರಶ್ನೆ. ಇನ್ನು ಎರಡು ಕ್ಷಣ ಸುಮ್ಮನಿದ್ದಿದ್ದರೆ ಊರಿನ ಮರ್ಯಾದೆಯಂತೆಯೇ ಎಲ್ಲ ಮುಗಿಯುತ್ತಿತ್ತು. ಐಲಿ ಕಾಯಲಿಲ್ಲ. ಕಾಗದವನ್ನು ಹೆಲ್ಮೆಟ್ಟಿನ ಅಡಿಗೆ ಹಿಂದಕ್ಕೆ ತಳ್ಳಿದಳು.

"ನಂಗೆ ಜಿಯಾಲಜಿನೇ ಮೇಜರ್ ಬೇಕು ಮೇಡಂ," ಎಂದಳು. "ಮೊದಲನೇ ಸಲ ಕೇಳಿದಾಗ್ಲೇ ಬೇಕಿತ್ತು."